186ರ ಎಡಕ್ಕೊಂದು ಪುಟ್ಟ ಗೀಟು

ಮಾಸ್ ಸ್ಪೆಕ್ಟ್ರಮ್ ಕೈಗೆ ಬಂದರೆ ಹೊಸಬರ ಕಣ್ಣು ಮೊದಲು ಹೋಗುವುದು ಎಲ್ಲಕ್ಕಿಂತ ಉದ್ದದ ಗೀಟಿನ ಮೇಲೆ. ಪಳಗಿದವರು ಅದರ ಅಕ್ಕಪಕ್ಕ ಇಣುಕುತ್ತಾರೆ. ಅದರಲ್ಲೂ ಯಂತ್ರಕ್ಕೆ ಕೊಟ್ಟದ್ದು ಲೋಹವನ್ನು ಒಡಲಲ್ಲಿಟ್ಟುಕೊಂಡ ಸಾವಯವ ಸಂಯುಕ್ತವಾದರೆ, ಸ್ವಾರಸ್ಯವೆಲ್ಲ ಆ ಪುಡಿ ಗೀಟುಗಳಲ್ಲೇ.

ಫೆರೊಸೀನನ್ನೇ ತೆಗೆದುಕೊಳ್ಳಿ. ಕಿತ್ತಳೆ ಬಣ್ಣದ ಹರಳು, ಹತ್ತಿರ ಹಿಡಿದರೆ ಕರ್ಪೂರ ನೆನಪಾಗುವ ವಾಸನೆ. ಪಿಟ್ಸ್‌ಬರ್ಗ್‌ನ ಡುಕೇನ್ ವಿಶ್ವವಿದ್ಯಾಲಯದಲ್ಲಿ ಕೀಲಿ ಮತ್ತು ಪಾಸನ್ ಬೇರೇನನ್ನೋ ತಯಾರಿಸಲು ಹೋದಾಗ ಸಿಕ್ಕಿದ್ದು. 1951ರಲ್ಲಿ ಲೋಕಕ್ಕೆ ತಿಳಿಯಿತು. ಇಂಗಾಲದ ಎರಡು ಉಂಗುರ, ನಡುವೆ ಒಂದು ಕಬ್ಬಿಣದ ಪರಮಾಣು. 70 ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳು ಬಡಿದರೆ ಎಷ್ಟೋ ಸಾವಯವ ಅಣುಗಳು ಚೂರುಚೂರು. ಫೆರೊಸೀನ್ ಗಟ್ಟಿ ಆಸಾಮಿ: ಒಂದು ಎಲೆಕ್ಟ್ರಾನ್ ಕಳೆದುಕೊಂಡೂ ಇಡಿಯಾಗಿ ನಿಂತು ತನ್ನ ತೂಕವಾದ 186ರಲ್ಲಿ ದೊಡ್ಡ ಪೀಕ್ ಕೊಡುತ್ತದೆ. 65 ತೂಗುವ ಒಂದು ಉಂಗುರ ಕಳಚಿದರೆ 121. ಎರಡೂ ಹೋದರೆ 56, ಬರೀ ಕಬ್ಬಿಣ. ಈ ಜಾತಿಯ ಸಂಯುಕ್ತಗಳ ಸ್ಪೆಕ್ಟ್ರಮ್ಮುಗಳನ್ನು 1955ರಲ್ಲೇ ಪ್ರಕಟಿಸಿದವರಲ್ಲಿ ಜೆಫ್ರಿ ವಿಲ್ಕಿನ್ಸನ್ ಒಬ್ಬರು; 1973ರ ನೊಬೆಲನ್ನು ಅವರು ಫಿಷರ್ ಜೊತೆ ಹಂಚಿಕೊಂಡರು.

ಈಗ 184 ನೋಡಿ. 186ರ ಎತ್ತರದಲ್ಲಿ ನೂರಕ್ಕೆ ಆರರಷ್ಟು ಮಾತ್ರ ಇರುವ ಗೀಟು. ಅದು ಕಬ್ಬಿಣದ ಹಗುರ ಐಸೊಟೋಪು, 54ರದು. ಇಂಗಾಲ, ಕ್ಲೋರಿನ್, ಬ್ರೋಮಿನ್‌ಗಳ ಭಾರದ ಐಸೊಟೋಪುಗಳು ಬಲಕ್ಕೆ ಬಂದು ಕೂರುತ್ತವೆ. ಕಬ್ಬಿಣ ಎಡಕ್ಕೂ ಒಂದನ್ನು ಕೂರಿಸುತ್ತದೆ. 121ರ ಎಡಕ್ಕೆ 119, 56ರ ಎಡಕ್ಕೆ 54. ಅಣು ಹೇಗೇ ಒಡೆದರೂ ಕಬ್ಬಿಣ ಹೋದಲ್ಲೆಲ್ಲ ಈ ನೆರಳು ಹಿಂದೆಯೇ ಹೋಗುತ್ತದೆ.

ಲೋಹಕ್ಕೊಂದು ಚಹರೆ. ಮ್ಯಾಂಗನೀಸ್ ಒಂಟಿ. ಪಲ್ಲಾಡಿಯಂಗೆ ಆರು ಐಸೊಟೋಪು. ತವರಕ್ಕೆ ಹತ್ತು, ಸ್ಥಿರ ಐಸೊಟೋಪುಗಳ ಲೆಕ್ಕದಲ್ಲಿ ಅದನ್ನು ಮೀರಿಸಿದ ಧಾತುವಿಲ್ಲ. ಅದರ ಸ್ಪೆಕ್ಟ್ರಮ್ ಹಲ್ಲು ಮುರಿದ ಬಾಚಣಿಗೆಯಂತೆ.

ಈ ಚಹರೆಗಳು ಗೊತ್ತಾದದ್ದರಲ್ಲೂ ಇಂಥ ಸಂಯುಕ್ತಗಳ ಕೈವಾಡವಿದೆ. ಲೋಹವನ್ನು ಆವಿ ಮಾಡಿ ಯಂತ್ರದೊಳಗೆ ಬಿಡುವುದು ತ್ರಾಸದ ಕೆಲಸ. ಕೇಂಬ್ರಿಜ್‌ನ ಫ್ರಾನ್ಸಿಸ್ ಆಸ್ಟನ್ ಸುಲಭಕ್ಕೆ ಆವಿಯಾಗುವ ಸಂಯುಕ್ತಗಳನ್ನು ಹಿಡಿದರು. 1921ರಲ್ಲಿ ನಿಕಲ್ ಕಾರ್ಬೊನಿಲ್, 43 ಡಿಗ್ರಿಗೇ ಕುದಿಯುವ, ಉಸಿರಿಗೆ ಹೊಕ್ಕರೆ ಜೀವ ತೆಗೆಯುವ ದ್ರವ; ನಿಕಲ್‌ನ 58, 60 ಬೇರೆಬೇರೆಯಾಗಿ ಕಂಡವು. 1927ರಲ್ಲಿ ಟೆಟ್ರಾಮೀಥೈಲ್ ಲೆಡ್ ಮೂಲಕ ಸೀಸ. ಎರಡು ವರ್ಷದ ಮೇಲೆ ನಾರ್ವೆಯ ಬ್ರೊಗರೈಟ್ ಎಂಬ ಯುರೇನಿಯಂ ಖನಿಜದ ಸೀಸವೂ ಇದೇ ದಾರಿಯಲ್ಲಿ ಬಂತು. ಅದರ 207ರ ಗೀಟನ್ನು ಹಿಡಿದು ರುದರ್‌ಫರ್ಡ್ ಭೂಮಿಯ ವಯಸ್ಸು 340 ಕೋಟಿ ವರ್ಷ ದಾಟದು ಎಂದು ಲೆಕ್ಕ ಹಾಕಿದರು. ಇಂದಿನ ಲೆಕ್ಕ 454 ಕೋಟಿ. ತಪ್ಪಿದರೂ, ಒಂದು ಗೀಟಿನಿಂದ ಅಷ್ಟು ದೂರ ಹೋದದ್ದು ಸಣ್ಣ ಸಾಹಸವಲ್ಲ.

ಎಲೆಕ್ಟ್ರಾನುಗಳಿಂದ ಬಡಿದು ನೋಡುವ ಕಾಲಕ್ಕೆ ಎಲೆಕ್ಟ್ರೋಸ್ಪ್ರೇ ತಿರುವು ಕೊಟ್ಟಿತು. ದ್ರಾವಣವನ್ನು ತುಂತುರಾಗಿಸಿ ಅದರಲ್ಲಿದ್ದ ಅಯಾನುಗಳನ್ನು ನಯವಾಗಿ ಎತ್ತಿಕೊಳ್ಳುವ ಈ ವಿಧಾನಕ್ಕೆ ಜಾನ್ ಫೆನ್ 2002ರಲ್ಲಿ ನೊಬೆಲ್ ಪಾಲು ಪಡೆದರು. 1994ರಲ್ಲಿ ಅಲಿಪ್ರಾಂಟಿಸ್ ಮತ್ತು ಕ್ಯಾನರಿ ಪಲ್ಲಾಡಿಯಂ ವೇಗವರ್ಧಕದಿಂದ ನಡೆಯುತ್ತಿರುವ ಸುಝುಕಿ ಕ್ರಿಯೆಯಿಂದಲೇ ಹನಿ ತೆಗೆದು ತೋರಿಸಿದಾಗ, ಅಲ್ಲಿಯವರೆಗೆ ಕಪ್ಪುಹಲಗೆಯ ಮೇಲಷ್ಟೇ ಇದ್ದ ಪಲ್ಲಾಡಿಯಂ ಮಧ್ಯಂತರಗಳು ಹಾಳೆಗೆ ಇಳಿದವು.

ಆದರೆ ಇಲ್ಲಿ ಉದ್ದದ ಗೀಟು ಇನ್ನೂ ಮೋಸಗಾರ. ಎಲೆಕ್ಟ್ರೋಸ್ಪ್ರೇಗೆ ಕಾಣುವುದು ವಿದ್ಯುದಂಶ ಹೊತ್ತದ್ದು ಮಾತ್ರ. ಕೆಲಸವೆಲ್ಲ ಮಾಡುವ ತಟಸ್ಥ ವೇಗವರ್ಧಕ ತೆರೆಮರೆಯಲ್ಲೇ ಉಳಿದು, ಏನೂ ಮಾಡದ ಯಾವುದೋ ಅಯಾನು ಮೆರೆಯಬಹುದು. ಪಲ್ಲಾಡಿಯಂ, ಫಾಸ್ಫೀನ್ ಬಳಸುವ ಲ್ಯಾಬುಗಳಲ್ಲಿ 279 ಪದೇಪದೇ ಎದ್ದು ನಿಲ್ಲುತ್ತದೆ. ಅದು ಗಾಳಿ ತಾಗಿ ಕೆಟ್ಟ ಟ್ರೈಫಿನೈಲ್ ಫಾಸ್ಫೀನಿನ ಆಕ್ಸೈಡ್. ಇಲ್ಲವೇ ಪ್ಲಾಸ್ಟಿಕ್ಕಿನಿಂದ ಒಸರಿದ ಡೈಬ್ಯುಟೈಲ್ ಥಾಲೇಟ್. ಅದೂ 279ರಲ್ಲೇ ಬರುತ್ತದೆ. ಯಾವುದೆಂದು ತಿಳಿಯಲು ದಶಾಂಶ ನೋಡಬೇಕು: 279.09 ಬಂದರೆ ಫಾಸ್ಫೀನ್ ಹಳತಾಗಿದೆ, 279.16 ಬಂದರೆ ದೂರಬೇಕಾದದ್ದು ಪ್ಲಾಸ್ಟಿಕ್ ನಳಿಗೆಯನ್ನು.