ಪಿಯು ಕಂಪ್ಯೂಟರ್ ಪಾಠ: ನಾಲ್ಕನೆಯ ಅಧ್ಯಾಯದಿಂದ ಶುರುವಾಗಲಿ

ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಮುಗಿಸಿದ ಮಕ್ಕಳು ಪಿಯು ಸೇರುವಾಗ ಗಣಕ ವಿಜ್ಞಾನವನ್ನು ಆಸೆಯಿಂದಲೇ ಆರಿಸಿಕೊಳ್ಳುತ್ತಾರೆ. ಪದವಿಯ ಮೊದಲ ವರ್ಷದಲ್ಲಿ ಕಲಿಸುವ ಪ್ರೋಗ್ರಾಮಿಂಗನ್ನು ಹದಿನಾರರ ಮಕ್ಕಳ ಮುಂದಿಡುವ ವಿಷಯವದು. ಕೈಗೆ ಸಿಗುವುದು ಇಂಗ್ಲಿಷ್ ಪುಸ್ತಕ.

ಹಿಂದೆ ಸಿ++ ಇದ್ದ ಜಾಗಕ್ಕೆ ಈಗ ಪೈಥಾನ್ ಬಂದಿದೆ. ಎನ್‌ಸಿಇಆರ್‌ಟಿ 2019ರಲ್ಲಿ ಹನ್ನೊಂದನೆಯ ತರಗತಿಗೆ ಹೊರತಂದ ಪುಸ್ತಕವೇ ನಮ್ಮ ಪ್ರಥಮ ಪಿಯುಗೂ ಆಧಾರ. ಬದಲಾವಣೆ ಒಳ್ಳೆಯದೇ. ಪೈಥಾನ್‌ನಲ್ಲಿ ಒಂದು ಸಾಲಿನಲ್ಲಾಗುವ ಕೆಲಸಕ್ಕೆ ಸಿ++ನಲ್ಲಿ ಐದಾರು ಸಾಲು ಬೇಕಿತ್ತು, ಅರ್ಧ ಅರ್ಥವಾಗದ ಬಾಯಿಪಾಠ. ನಮ್ಮ ತಕರಾರಿರುವುದು ಅಧ್ಯಾಯಗಳ ಜೋಡಣೆಯ ಬಗ್ಗೆ. ಮೊದಲನೆಯದು ಯಂತ್ರದ ಭಾಗಗಳು, ಎರಡನೆಯದು ಸಂಖ್ಯಾಪದ್ಧತಿ, ಮೂರನೆಯದು ಕೃತಕ ಬುದ್ಧಿಮತ್ತೆಯಂಥ ಹೊಸ ಬೆಳವಣಿಗೆಗಳು. ಸಮಸ್ಯೆಯನ್ನು ಬಿಡಿಸುವುದು ಹೇಗೆಂದು ಹೇಳುವ ನಾಲ್ಕನೆಯ ಅಧ್ಯಾಯ ಬರುವಷ್ಟರಲ್ಲಿ, ಇಂಗ್ಲಿಷಿಗೇ ಬೆದರಿದ ಮಗು ಇದೂ ಉರುಹೊಡೆಯುವ ವಿಷಯವೆಂದು ತೀರ್ಮಾನಿಸಿಬಿಟ್ಟಿರುತ್ತದೆ.

ಆ ಅಧ್ಯಾಯದ ಜೀವಾಳವಾದ ಅಲ್ಗಾರಿದಮ್ ಎಂಬ ಪದ ಒಂಬತ್ತನೆಯ ಶತಮಾನದ ಬಾಗ್ದಾದಿನ ಅಲ್ ಖ್ವಾರಿಝ್ಮಿಯ ಹೆಸರಿನಿಂದ ಬಂದದ್ದು. ನಮ್ಮ ಸಭೆಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದುಂಟು. ನಮ್ಮ ಹುಡುಗಿಯರು ಲ್ಯಾಬಿನಲ್ಲಿ ಎಷ್ಟು ಹೊತ್ತು ಕೂರುತ್ತಾರೆಂದು ಕೇಳುವವರು ಕಡಿಮೆ. ಆತ ಬೀಜಗಣಿತದ ಪುಸ್ತಕ ಬರೆದದ್ದೂ ಆಸ್ತಿ ಪಾಲು, ವ್ಯಾಪಾರ, ಜಮೀನಿನ ಅಳತೆಯಂಥ ದಿನನಿತ್ಯದ ಲೆಕ್ಕಗಳಿಗೆಂದೇ.

ಮಲೆನಾಡಿನಲ್ಲಿ ಅಂಥ ಲೆಕ್ಕಕ್ಕೇನು ಬರ? ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವ ಮನೆಯ ಮಗುವಿಗೆ ‘ಹೀಗಿದ್ದರೆ ಇದು, ಇಲ್ಲದಿದ್ದರೆ ಅದು’ ಎಂಬ ನಿಯಮ ಹೊಸತಲ್ಲ. ಅದನ್ನೇ ಹಂತಹಂತವಾಗಿ ಕನ್ನಡದಲ್ಲಿ ಬರೆಸಿ, ಆಮೇಲೆ ಪೈಥಾನ್‌ಗೆ ಇಳಿಸಬಹುದು.

ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳಿಗೆ ಕಾಲೇಜು ಮಟ್ಟದ ಪಾಠವಾಗಿ 2016ರಲ್ಲಿ ಆರಂಭವಾದ ಎಪಿ ಕಂಪ್ಯೂಟರ್ ಸೈನ್ಸ್ ಪ್ರಿನ್ಸಿಪಲ್ಸ್ ಯಾವ ಪ್ರೋಗ್ರಾಮಿಂಗ್ ಭಾಷೆ ಬಳಸಬೇಕೆಂಬುದನ್ನು ಶಿಕ್ಷಕರಿಗೇ ಬಿಟ್ಟಿದೆ. ವಿದ್ಯಾರ್ಥಿ ತಾನೇ ಯೋಚಿಸಿ ಮಾಡಿದ ಪ್ರೋಗ್ರಾಮಿಗೆ ಅಲ್ಲಿ ನೂರಕ್ಕೆ 30 ಪಾಲು. ನಮ್ಮ ಪ್ರಾಯೋಗಿಕ ಪರೀಕ್ಷೆಗೂ 30 ಅಂಕವಿದೆ, ಆದರೆ ಅನೇಕ ಕಡೆ ಅದು ರೆಕಾರ್ಡ್ ಪುಸ್ತಕ ನಕಲು ಮಾಡುವ ಕೆಲಸವಾಗಿ ಮುಗಿಯುತ್ತದೆ. ಅಲ್ಲಿನ ಸೌಕರ್ಯ ಇಲ್ಲಿಲ್ಲವೆನ್ನುವುದು ನಿಜ. ಸ್ವಂತ ಪ್ರೋಗ್ರಾಂ ಒಂದನ್ನು ಕೇಳಲು ಎಂಥ ಸೌಕರ್ಯ ಬೇಕೋ ತಿಳಿಯದು.

ಲಿಂಗನಮಕ್ಕಿಯ ವಿದ್ಯುತ್ತಿಗಾಗಿ ಸಾಗರ, ಹೊಸನಗರದ ಊರುಗಳೇ ಮುಳುಗಿವೆ. ಆದರೂ ಮಳೆ ಹಿಡಿದರೆ ಇಲ್ಲಿ ಕರೆಂಟ್ ಹೋಗುತ್ತದೆ. ನಾಲ್ಕನೆಯ ಅಧ್ಯಾಯಕ್ಕೆ ಅದೂ ಬೇಡ, ಕಾಗದ, ಪೆನ್ಸಿಲು ಸಾಕು. ಜೂನ್ ತಿಂಗಳ ತರಗತಿಗೆ ಅದಕ್ಕಿಂತ ಹೊಂದುವ ಪಾಠವಿಲ್ಲ.