ಕೋನಿನ ಮೇಲಿನ ಚೆಂಡು

ಕರ್ಣನ ರಥ ನಡೆಸು ಎಂದಾಗ ಶಲ್ಯನಿಗೆ ಮೈಯೆಲ್ಲ ಉರಿಯಿತು. ಬಿಲ್ಲು ಹಿಡಿದವನಿಗೆ ಕೀರ್ತಿ, ಲಗಾಮು ಹಿಡಿದವನಿಗೆ ಚಾಕರಿ ಎಂಬುದು ಆ ಕಾಲದ ಲೆಕ್ಕ. ಯುರೋಪಿನ ಸಾರೋಟು ಸ್ಪರ್ಧೆಯಲ್ಲಿ ಬಿಲ್ಲಿನವನೇ ಇಲ್ಲ. ಅಲ್ಲಿ ಸಾರಥಿಯೇ ವೀರ.

ಟೋಪಿ, ಕೈಗವಸು, ಫಳಫಳಿಸುವ ಹಿತ್ತಾಳೆ ಬಕಲು ನೋಡಿದರೆ ಇದು ಶತಮಾನಗಳ ಹಿಂದಿನ ಆಟ ಅನ್ನಿಸುತ್ತದೆ. ನಿಯಮಗಳಿಗೆ ಮಾತ್ರ ಇನ್ನೂ ಅರವತ್ತು ತುಂಬಿಲ್ಲ. ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟದ ಅಧ್ಯಕ್ಷರಾಗಿದ್ದ ಬ್ರಿಟನ್ನಿನ ಪ್ರಿನ್ಸ್ ಫಿಲಿಪ್ ಮುತುವರ್ಜಿಯಿಂದ ಅವು ರೂಪುಗೊಂಡವು. ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1972ರಲ್ಲಿ, ಜರ್ಮನಿಯ ಮ್ಯುನ್‌ಸ್ಟರ್‌ನಲ್ಲಿ. ಫಿಲಿಪ್ ಬರೀ ನಿಯಮ ಮಾಡಿ ಕೂತವರಲ್ಲ. 1971ರಲ್ಲಿ ಪೋಲೋ ಬಿಟ್ಟು ತಾವೇ ನಾಲ್ಕು ಕುದುರೆಗಳ ಲಗಾಮು ಹಿಡಿದರು; 1980ರಲ್ಲಿ ವಿಂಡ್ಸರ್‌ನಲ್ಲಿ ಚಿನ್ನ ಗೆದ್ದ ಬ್ರಿಟನ್ ತಂಡದಲ್ಲಿದ್ದರು.

ಪಂದ್ಯಕ್ಕೆ ಮೂರು ಹಂತ. ಮೊದಲನೆಯದು ಡ್ರೆಸಾಜ್: 100 ಮೀಟರ್ ಉದ್ದ, 40 ಮೀಟರ್ ಅಗಲದ ಅಂಕಣದಲ್ಲಿ ವೃತ್ತ, ಸುರುಳಿ, ನಡಿಗೆ, ದುಡುಕಿ. ಚೆಂದವೇನೋ ಹೌದು. ಆದರೆ ಅಂಕವೆಲ್ಲ ತೀರ್ಪುಗಾರರ ಕಣ್ಣಳತೆಯದು. ಹೊರಗಿನವನಿಗೆ ಯಾರು ಏಕೆ ಮುಂದಾದರೆಂದು ಕೊನೆಗೂ ತಿಳಿಯುವುದಿಲ್ಲ.

ಜನ ಮುಗಿಬೀಳುವುದು ಎರಡನೆಯ ಹಂತವಾದ ಮ್ಯಾರಥಾನ್‌ಗೆ. ಮರದ ದಿಮ್ಮಿ, ನೀರುಗುಂಡಿಗಳ ನಡುವೆ ಎ, ಬಿ, ಸಿ ಎಂದು ಗುರುತು ಹಾಕಿದ ದ್ವಾರಗಳು. ಕೆಂಪು ಗುರುತು ಬಲಕ್ಕೆ, ಬಿಳಿಯದು ಎಡಕ್ಕೆ ಬರುವಂತೆ ಅನುಕ್ರಮವಾಗಿ ನುಗ್ಗಬೇಕು. ಹಿಂದೆ ನಿಂತ ಸಹಾಯಕ ಮೈಯನ್ನೇ ತಕ್ಕಡಿಯ ಬಟ್ಟು ಮಾಡಿಕೊಂಡು ತಿರುವಿನಲ್ಲಿ ಹೊರಕ್ಕೆ ಜೋತುಬೀಳುತ್ತಾನೆ, ಮುಂದಿನ ದ್ವಾರ ಯಾವುದೆಂದು ಕೂಗುತ್ತಾನೆ. ಗೆದ್ದಾಗ ಫಲಕದ ಮೇಲೆ ಅವನ ಹೆಸರು ಎಲ್ಲಿ? ನನ್ನ ಇನ್ನೊಂದು ತಕರಾರು ಗಾಡಿಯದು. ಡ್ರೆಸಾಜ್‌ಗೆ ಬಂದ ಮೆರುಗಿನ ಸಾರೋಟು ಇಲ್ಲಿಲ್ಲ. ಬಂದದ್ದು ಡಿಸ್ಕ್ ಬ್ರೇಕಿನ ಉಕ್ಕಿನ ಗಾಡಿ. ನಾಲ್ಕು ಕುದುರೆಯ ವರ್ಗದಲ್ಲಿ ಅದು ಕಡಿಮೆಯೆಂದರೂ 600 ಕಿಲೋ ತೂಗಬೇಕು. ಮ್ಯಾರಥಾನ್‌ಗೇ ಬೇರೆ ಗಾಡಿ, ಜೊತೆಗೊಂದು ಮೀಸಲು ಕುದುರೆ, ಇಷ್ಟನ್ನೂ ಸಾಗಿಸುವ ಲಾರಿ. ಗದ್ದೆ ಮಾರಿದರೂ ಪೂರೈಸದ ಖರ್ಚು.

ಯಾವ ಹಂತವಾದರೂ ಕಣ್ಣು ನೆಡಬೇಕಾದದ್ದು ಸಾರಥಿಯ ಬೆರಳುಗಳ ಮೇಲೆ. ಸವಾರನಿಗಾದರೆ ತೊಡೆಯುಂಟು, ಹಿಮ್ಮಡಿಯುಂಟು. ಇವನಿಗಿರುವುದು ಲಗಾಮು, ಚಾವಟಿ, ದನಿ, ಅಷ್ಟೆ. ಜರ್ಮನಿಯ ಬೆನ್ನೋ ಫಾನ್ ಆಕೆನ್‌ಬಾಖ್ ಹೆಸರಿನ ಪದ್ಧತಿಯಲ್ಲಿ ನಾಲ್ಕೂ ಲಗಾಮು ಎಡಗೈಯಲ್ಲಿ; ಬಲಗೈ ನೆರವಿಗೆ ಬಂದು ಹೋಗುತ್ತದೆ. ಬಲಕ್ಕೆ ತಿರುಗಬೇಕೆಂದರೆ ಮುಂದಿನ ಕುದುರೆ ಜೋಡಿಯ ಬಲ ಲಗಾಮನ್ನು ಒಂದಿಷ್ಟು ಮಡಚಿ ಹೆಬ್ಬೆರಳಡಿ ಅದುಮಿಕೊಳ್ಳುತ್ತಾನೆ. ಮುಂದಿನವು ತಿರುಗಿದ್ದು ಕಂಡ ಹಿಂದಿನ ಜೋಡಿಗೂ ಒಳದಾರಿ ಹಿಡಿಯುವ ಆಸೆ. ಅವನ್ನು ಒಂದು ಗಳಿಗೆ ತಡೆಯದಿದ್ದರೆ ಚಕ್ರ ಕಂಬಕ್ಕೆ. ಹಂಗೇರಿಯವರು ಲಗಾಮುಗಳನ್ನು ಎರಡೂ ಕೈಗೆ ಹಂಚಿಕೊಂಡರು. ಅವರ ಗ್ಯೋರ್ಗಿ ಬಾರ್ದೋಶ್ 1978 ಮತ್ತು 1980ರಲ್ಲಿ ವಿಶ್ವ ಚಾಂಪಿಯನ್ ಆದರು. 2010ರಿಂದ 2018ರವರೆಗಿನ ಐದೂ ವಿಶ್ವ ಪ್ರಶಸ್ತಿ ಗೆದ್ದ ಆಸ್ಟ್ರೇಲಿಯದ ಬಾಯ್ಡ್ ಎಕ್ಸೆಲ್ ಕೈ ನೋಡಿ: ಗಾಡಿ ಕಡಿದಾಗಿ ತಿರುಗಿದರೂ ಮೊಣಕೈ ಮೈ ಬಿಟ್ಟು ಕದಲಿದ್ದು ಕಾಣುವುದಿಲ್ಲ.

ಈ ಕೈಗಳ ನಿಜವಾದ ಪರೀಕ್ಷೆ ಮೂರನೆಯದಾದ ಕೋನ್‌ಗಳ ಹಂತ. ಪ್ರೇಕ್ಷಕರು ಅರ್ಧ ಎದ್ದು ಹೋಗಿರುವ ಹೊತ್ತು. ಗಾಡಿಯ ಅಗಲಕ್ಕಿಂತ ಒಂದೆರಡು ಗೇಣು ಹೆಚ್ಚು ಬಿಟ್ಟು ಜೋಡಿ ಜೋಡಿಯಾಗಿ ಕೋನ್ ನಿಲ್ಲಿಸಿರುತ್ತಾರೆ, ಪ್ರತಿಯೊಂದರ ನೆತ್ತಿಗೂ ಒಂದು ಚೆಂಡು. ಹಿಂದಿನ ದಿನದ ದಣಿವು ಕುದುರೆಯ ಮೈಯಲ್ಲಿನ್ನೂ ಉಂಟು, ಗಡಿಯಾರವೂ ಕಾಯುವುದಿಲ್ಲ. ಕೆಸರೆರಚುವ ಓಟವಿಲ್ಲ, ತೀರ್ಪುಗಾರರ ಅಭಿರುಚಿಯ ಮಾತಿಲ್ಲ. ಚೆಂಡು ಬಿತ್ತು, ಇಲ್ಲವೆ ಉಳಿಯಿತು. ಬಿದ್ದರೆ 3 ದಂಡಾಂಕ. ಮ್ಯಾರಥಾನ್ ಅಡೆತಡೆಗಳಲ್ಲಿ ಒಂದು ಸೆಕೆಂಡಿಗೆ 0.25 ದಂಡಾಂಕ, ಅಂದರೆ ನೀರುಗುಂಡಿಯಲ್ಲಿ ಪ್ರಾಣ ಪಣಕ್ಕಿಟ್ಟು ಉಳಿಸಿದ 12 ಸೆಕೆಂಡನ್ನು ಹಿಂದಿನ ಚಕ್ರ ಸವರಿದ ಒಂದು ಚೆಂಡು ನುಂಗಿಹಾಕುತ್ತದೆ. ಕೆಲವೊಮ್ಮೆ ಅದು ಕೂಡಲೇ ಬೀಳುವುದೂ ಇಲ್ಲ. ಸಾರಥಿ ಆಗಲೇ ಮುಂದಿನ ಜೋಡಿಗೆ ಗುರಿಯಿಟ್ಟಿರುತ್ತಾನೆ, ಹಿಂದೆ ಚೆಂಡು ಇನ್ನೂ ಅಲುಗಾಡುತ್ತಿರುತ್ತದೆ.