ಕ್ವೆರಿಸ್ಟ್ರಿಂಗ್ ಟ್ಯಾಗಿನ ನಾಜೂಕು

ಹುಡುಕುವ ಪೆಟ್ಟಿಗೆಯಲ್ಲಿ ‘ಶಿರಹಟ್ಟಿ’ ಎಂದು ಬರೆಯಿರಿ. ಕಣ್ಣಿಗೆ ನಾಲ್ಕೇ ಅಕ್ಷರ. ಗುಣಿತ, ಒತ್ತು ಬಿಡಿಸಿದರೆ ಯೂನಿಕೋಡಿನಲ್ಲಿ 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ಶೇಕಡಾ ಚಿಹ್ನೆಗಳ ಸಮೇತ ಯುಆರ್‌ಎಲ್‌ಗೆ ಇಳಿದಾಗ 72 ಅಕ್ಷರ. ಇಷ್ಟುದ್ದದ ಸರವನ್ನು ಒಂದು ಮಣಿಯೂ ಉದುರದಂತೆ ಫಲಿತಾಂಶಗಳ ಎರಡನೇ ಪುಟಕ್ಕೆ ದಾಟಿಸಬೇಕು.

2024ರ ಆಗಸ್ಟ್‌ನಲ್ಲಿ ವೆಬ್ ತಾಣ ಕಟ್ಟುವ ಚೌಕಟ್ಟಾದ ಜ್ಯಾಂಗೊ 5.1ರೊಂದಿಗೆ ಬಂದ ‘ಕ್ವೆರಿಸ್ಟ್ರಿಂಗ್’ ಟ್ಯಾಗ್ ಇದನ್ನು ಎಷ್ಟು ಚೆಂದ ಮಾಡುತ್ತದೆ! ಟೆಂಪ್ಲೇಟಿನಲ್ಲಿ ‘ಪೇಜ್=2’ ಎಂದಷ್ಟೇ ಹೇಳಿ: ಪುಟದ ಸಂಖ್ಯೆ ಬದಲಾಗುತ್ತದೆ, ಊರಿನ ಹೆಸರು, ವಿಂಗಡಣೆಯ ಕ್ರಮ ಇದ್ದಂತೆಯೇ ಇರುತ್ತವೆ. ಯಾವುದಾದರೂ ಬೇಡವೆಂದರೆ ಅದಕ್ಕೆ ‘ನನ್’ (None) ಎಂಬ ಮೌಲ್ಯ ಕೊಟ್ಟರಾಯಿತು, ಕಳಚಿಕೊಳ್ಳುತ್ತದೆ. ಮೊದಲೆಲ್ಲ ಇಷ್ಟಕ್ಕೇ ಸ್ವಂತ ಟ್ಯಾಗ್ ಬರೆದುಕೊಳ್ಳಬೇಕಿತ್ತು. ನನಗಂತೂ ಹೆಚ್ಚು ಹಿಡಿಸಿದ್ದು ಇದು: ತಾಲ್ಲೂಕಿನ ಪಟ್ಟಿಯಲ್ಲಿ ಶಿರಹಟ್ಟಿ, ಮುಂಡರಗಿ ಎರಡಕ್ಕೂ ಗುರುತು ಹಾಕಿದ್ದರೆ, ಒಂದೇ ಹೆಸರಿನ ಆ ಎರಡೂ ಮೌಲ್ಯಗಳು ಮುಂದಿನ ಪುಟಕ್ಕೆ ಜೊತೆಯಾಗಿಯೇ ಹೋಗುತ್ತವೆ.